ಸಾಲಿನಲ್ಲಿ ನಿಂತವರ ಚಿತ್ರ

(ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯ ಗುರುಗಳು ಕೇಳಿದರು. ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಅಂದುಕೊಂಡಿರಬೇಕು. ಆದರೆ ಈ ಶಾಲೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದ ವಿಷಯ ಸಮಾಜ ವಿಜ್ಞಾನ. ಪಿಯುಸಿ, ಬಿ.ಇ., ನೌಕರಿ ಎಂದು ದಾರಿ ಬೇರೆಯಾದರೂ ಇತಿಹಾಸ ಓದುವ ರೂಢಿ ತಪ್ಪಲಿಲ್ಲ. ಕೆಲವು ವರ್ಷಗಳಿಂದ ನಮ್ಮ ಬಳ್ಳಾರಿ ಸೀಮೆಯ ಹಳೆಯ ಬರಗಾಲಗಳ ಬಗ್ಗೆ ಕೈಗೆ ಸಿಕ್ಕಿದ್ದನ್ನು ಓದುತ್ತಿದ್ದೇನೆ. ಓದುತ್ತಾ ಹೋದಂತೆ ಮಳೆ, ಬೆಳೆಗಳ ಲೆಕ್ಕಕ್ಕಿಂತ ಆ ಕಾಲದ ಚಿತ್ರಗಳೇ ನನ್ನನ್ನು ಹೆಚ್ಚು ಕಾಡಿದವು. ಬಡವರನ್ನು ಯಾರು ಚಿತ್ರಿಸಿದರು, ಯಾರಿಗಾಗಿ ಚಿತ್ರಿಸಿದರು, ಆ ಚಿತ್ರಗಳಿಂದ ಏನಾಯಿತು ಎಂಬುದೇ ಈ ಲೇಖನದ ವಿಷಯ.

ಧಾತು, ಈಶ್ವರ

1876ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷವೂ ಮುಂಗಾರು ಸಕಾಲಕ್ಕೆ ಬರಲಿಲ್ಲ. ಪಂಚಾಂಗದ ಪ್ರಕಾರ ಅವು ಧಾತು ಮತ್ತು ಈಶ್ವರ ಸಂವತ್ಸರಗಳಾದ್ದರಿಂದ ಹಿರಿಯರ ಬಾಯಲ್ಲಿ ಅದು 'ಧಾತು ಈಶ್ವರ ಬರ' ಎಂದೇ ಉಳಿಯಿತು. ಆಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿ, ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತ್ಯದಲ್ಲಿ, ರಾಯಚೂರು, ಗುಲ್ಬರ್ಗಗಳು ನಿಜಾಮರ ಕೈಯಲ್ಲಿ, ಮೈಸೂರು ಬ್ರಿಟಿಷ್ ಕಮಿಷನರರ ಕೈಯಲ್ಲಿ. ಆಡಳಿತ ಬೇರೆಬೇರೆಯಾದರೂ ಹಸಿವು ಎಲ್ಲ ಕಡೆಗೂ ಒಂದೇ ಆಗಿ ಬಂತು.

ದಕ್ಷಿಣ ಭಾರತದಲ್ಲಿ ಆಗ ಸತ್ತವರ ಸಂಖ್ಯೆ 55 ಲಕ್ಷದಿಂದ 80 ಲಕ್ಷದವರೆಗೆ ಇತ್ತೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬಳ್ಳಾರಿ ಜಿಲ್ಲೆ ಅದೇ ಹತ್ತು ವರ್ಷಗಳಲ್ಲಿ ತನ್ನ ಜನರಲ್ಲಿ ಸುಮಾರು ಐದನೇ ಒಂದು ಭಾಗವನ್ನು ಕಳೆದುಕೊಂಡಿತು. ನಮ್ಮ ಪ್ರಾರ್ಥನೆಯ ಮೈದಾನದಲ್ಲಿ ಪ್ರತಿ ಸಾಲಿನ ಐದನೆಯ ಮಗುವನ್ನು ಹೊರಗೆ ಕರೆದರೆ ಎಷ್ಟು ಜಾಗ ಖಾಲಿಯಾಗುತ್ತದೆ ಎಂದು ಊಹಿಸಿಕೊಂಡರೆ ಆ ಅಂಕಿಯ ಅರ್ಥ ತಿಳಿಯುತ್ತದೆ.

1877ರ ಜನವರಿ 1ರಂದು ದೆಹಲಿಯಲ್ಲಿ ವೈಸರಾಯ್ ಲಿಟ್ಟನ್ ದೊಡ್ಡ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿಸಿದ. ಅದೇ ತಿಂಗಳು ಬರಪೀಡಿತ ಪ್ರಾಂತ್ಯಗಳ ಖರ್ಚಿಗೆ ಕಡಿವಾಣ ಹಾಕಲು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ದಕ್ಷಿಣಕ್ಕೆ ಕಳಿಸಿದ.

ಒಂದು ಪೌಂಡು ಧಾನ್ಯ

ಟೆಂಪಲ್ ಮೊದಲಿನಿಂದಲೂ ಕಲ್ಲೆದೆಯವನಾಗಿರಲಿಲ್ಲ. 1873-74ರಲ್ಲಿ ಬಂಗಾಳ, ಬಿಹಾರಗಳಲ್ಲಿ ಬರ ಬಂದಾಗ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿಸಿದ್ದ. ಹಸಿವಿನಿಂದ ಸತ್ತವರು ಬಹಳ ಕಡಿಮೆ. ಅದಕ್ಕೆ ಅವನಿಗೆ ಸಿಕ್ಕಿದ್ದು ಹೊಗಳಿಕೆಯಲ್ಲ, ದುಂದುಗಾರನೆಂಬ ಹೆಸರು. ಮೂರು ವರ್ಷದ ನಂತರ ಮದ್ರಾಸಿಗೆ ಬಂದವನು ಆ ಹೆಸರನ್ನು ತೊಳೆದುಕೊಳ್ಳುವಂತೆ ನಡೆದುಕೊಂಡ. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಿಷ್ಟು ಕಾಸು ಸಾಕೆಂದ. ಒಂದು ಪೌಂಡು ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 450 ಗ್ರಾಂ. ಅದಕ್ಕೆ ಬದಲಾಗಿ ಇಡೀ ದಿನ ಮಣ್ಣು ಹೊರಬೇಕು, ಇಲ್ಲವೇ ರಸ್ತೆಗೆ ಜಲ್ಲಿ ಕುಟ್ಟಬೇಕು.

ಇದರ ಜೊತೆಗೆ ದೂರದ ಪರೀಕ್ಷೆ ಎಂಬುದೊಂದಿತ್ತು. ಮೈಯಲ್ಲಿ ಕಸುವು ಇದ್ದವನು ತನ್ನ ಊರಿನಿಂದ ಹತ್ತು ಮೈಲಿಯಾಚೆ, ಅಂದರೆ 16 ಕಿ.ಮೀ. ದೂರ ಹೋಗಿ ಕೆಲಸ ಕೇಳಬೇಕು. ಅಷ್ಟು ದೂರ ನಡೆದು ಬಂದವನೇ ನಿಜವಾದ ಹಸಿದವನು, ಉಳಿದವನು ಸೋಮಾರಿ ಎಂಬುದು ಆ ನಿಯಮದ ತರ್ಕ. ಕೆಲಸ ಮಾಡಲಾಗದ ಮುದುಕರು, ರೋಗಿಗಳು, ಅನಾಥ ಮಕ್ಕಳಿಗೆ ಮಾತ್ರ ಶಿಬಿರಗಳಲ್ಲಿ ಪುಕ್ಕಟೆ ಊಟ.

ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾ. ವಿಲಿಯಂ ಕಾರ್ನಿಷ್ ಇದನ್ನು ಖಂಡಿಸಿದರು. ದುಡಿಯುವ ದೇಹಕ್ಕೆ ಕನಿಷ್ಠ ಒಂದೂವರೆ ಪೌಂಡು ಧಾನ್ಯ, ಅದರ ಮೇಲೆ ಬೇಳೆ, ತರಕಾರಿ ಬೇಕೆಂದು ವಾದಿಸಿದರು. 1877ರ ಮಾರ್ಚ್‌ನಲ್ಲಿ ಪಡಿ ಒಂದೂಕಾಲು ಪೌಂಡಿಗೆ ಏರಿತು, ಜೊತೆಗೆ ಒಂದಿಷ್ಟು ಬೇಳೆ. ಮುಂಬಯಿ ಪ್ರಾಂತ್ಯದಲ್ಲಿ ಕೂಲಿಗಳು ಇಳಿಸಿದ ಕೂಲಿಗೆ ದುಡಿಯುವುದಿಲ್ಲವೆಂದು ಕೆಲಸ ಬಿಟ್ಟು ಹೊರಟರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತು ಸರ್ಕಾರಕ್ಕೆ ಬರೆಯಿತು. ಹಸಿದವರು ಸುಮ್ಮನೆ ಕೂತು ಸತ್ತರು ಎಂದು ನಾವು ತಿಳಿಯುತ್ತೇವೆ. ಅರೆಹೊಟ್ಟೆಯಲ್ಲೂ ಮುಷ್ಕರ ಹೂಡಿದವರಿದ್ದರು.

ಲಂಡನ್ನಿಗೆ ಹೋದ ಚಿತ್ರಗಳು

1877ರ ಅಕ್ಟೋಬರ್ 20ರ 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಯಲ್ಲಿ ಒಂದು ಕೊರೆದಚ್ಚಿನ ಚಿತ್ರ ಬಂತು. ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾಯುತ್ತಿರುವ ಜನ ಎಂಬುದು ಅದರ ವಿಷಯ. ಅದೇ ತಿಂಗಳು 'ದಿ ಗ್ರಾಫಿಕ್' ಎಂಬ ಇನ್ನೊಂದು ಪತ್ರಿಕೆ ಬಳ್ಳಾರಿ ಜಿಲ್ಲೆಯ ಚಿತ್ರಗಳನ್ನು ಅಚ್ಚು ಹಾಕಿತು. ಅದರಲ್ಲಿ ಜನರ ಜೊತೆ ಎಲುಬು ಎದ್ದ ದನಗಳೂ ಇವೆ. ನಮ್ಮ ಜಿಲ್ಲೆಯ ಹೆಸರು ಅಷ್ಟು ದೂರದ ಪತ್ರಿಕೆಯಲ್ಲಿ ಬಂದದ್ದು ನಮ್ಮ ಹಸಿವಿನಿಂದಾಗಿ.

ಇದೇ ಗ್ರಾಫಿಕ್ ಪತ್ರಿಕೆ 1869ರ ಡಿಸೆಂಬರ್ 4ರಂದು ಹೊರತಂದ ತನ್ನ ಮೊದಲ ಸಂಚಿಕೆಯಲ್ಲಿ ಲಂಡನ್ನಿನದೇ ಬಡವರ ಚಿತ್ರ ಹಾಕಿತ್ತು. ಬರೆದವನು ಲ್ಯೂಕ್ ಫಿಲ್ಡ್ಸ್. ಚಳಿಗಾಲದ ರಾತ್ರಿ, ಒಂದು ರಾತ್ರಿ ಮಲಗಲು ಜಾಗ ಕೇಳಿ ಚೀಟಿಗಾಗಿ ಗೋಡೆಯ ಪಕ್ಕ ಸಾಲು ನಿಂತವರು. ಗಂಡಸರು, ಮಕ್ಕಳನ್ನು ಅವಚಿಕೊಂಡ ತಾಯಂದಿರು. 1874ರಲ್ಲಿ ಫಿಲ್ಡ್ಸ್ ಅದನ್ನೇ ದೊಡ್ಡ ತೈಲಚಿತ್ರವಾಗಿ ಬರೆದ. ಮುಂದೆ ವಿನ್ಸೆಂಟ್ ವ್ಯಾನ್ ಗೋ ಇಂಥ ಗ್ರಾಫಿಕ್ ಚಿತ್ರಗಳನ್ನು ಕತ್ತರಿಸಿ ಜೋಪಾನವಾಗಿ ಇಟ್ಟುಕೊಂಡಿದ್ದ.

ಲಂಡನ್ನಿನ ಆ ಸಾಲಿಗೂ ಬಳ್ಳಾರಿಯ ಸಾಲಿಗೂ ನೇರ ನಂಟಿದೆ. 1834ರಲ್ಲಿ ಇಂಗ್ಲೆಂಡ್ ಬಡವರಿಗಾಗಿ ಹೊಸ ಕಾನೂನು ಮಾಡಿತು. ಸಹಾಯ ಬೇಕಾದರೆ 'ವರ್ಕ್‌ಹೌಸ್' ಎಂಬ ದುಡಿಮೆ ಮನೆಗೆ ಸೇರಬೇಕು. ಹೊರಗೆ ದುಡಿಯುವ ಅತಿ ಬಡ ಕೂಲಿಯ ಬದುಕಿಗಿಂತ ಒಳಗಿನ ಬದುಕು ಕೆಳಗಿರಬೇಕು, ಆಗ ನಿಜಕ್ಕೂ ಗತಿಯಿಲ್ಲದವರು ಮಾತ್ರ ಬಾಗಿಲು ತಟ್ಟುತ್ತಾರೆ ಎಂಬುದು ಅದರ ತಿರುಳು. ಒಳಗೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಕೆಲಸ ಕಲ್ಲು ಒಡೆಯುವುದು, ಹಳೆಯ ಹಗ್ಗ ಬಿಚ್ಚಿ ನಾರು ತೆಗೆಯುವುದು, ಗೊಬ್ಬರಕ್ಕಾಗಿ ಮೂಳೆ ಪುಡಿ ಮಾಡುವುದು. 1845ರಲ್ಲಿ ಆಂಡೋವರ್ ಎಂಬ ಊರಿನ ವರ್ಕ್‌ಹೌಸಿನಲ್ಲಿ ಹಸಿದ ಜನ ಪುಡಿ ಮಾಡಲು ಕೊಟ್ಟ ಮೂಳೆಗಳಿಗೆ ಅಂಟಿಕೊಂಡ ಮಾಂಸವನ್ನೇ ಕಚ್ಚಿ ತಿನ್ನುತ್ತಿದ್ದ ಸುದ್ದಿ ಹೊರಬಿದ್ದು ದೊಡ್ಡ ಗದ್ದಲವಾಯಿತು. ಸಹಾಯ ಕೇಳುವವನನ್ನು ಮೊದಲು ಅನುಮಾನಿಸು, ಆಮೇಲೆ ಪರೀಕ್ಷಿಸು, ಕೊನೆಗೆ ಕೊಡು ಎಂಬ ಆ ಪದ್ಧತಿಯೇ ಹಡಗು ಹತ್ತಿ ನಮ್ಮಲ್ಲಿಗೆ ಬಂದು ಜಲ್ಲಿ ಕುಟ್ಟಿಸಿತು.

ನಮ್ಮಲ್ಲಿ ಹಸಿದವರಿಗೆ ಅನ್ನ ಹಾಕುವ ಏರ್ಪಾಡು ಇರಲಿಲ್ಲವೆಂದಲ್ಲ. ಛತ್ರ, ಅರವಟಿಗೆ, ಮಠಗಳ ದಾಸೋಹ ಇದ್ದವು. ಅಲ್ಲಿಯೂ ಜಾತಿಯ ಗೋಡೆಗಳಿದ್ದವು ಎಂಬುದನ್ನು ಮರೆಮಾಚಬಾರದು. ಊರ ಹೊರಗಿನ ಕೇರಿಯವರಿಗೆ ಎಲ್ಲ ಛತ್ರಗಳ ಬಾಗಿಲೂ ತೆರೆದಿರಲಿಲ್ಲ. ಬರದಲ್ಲಿ ಮೊದಲು ಸತ್ತವರಲ್ಲಿ ಭೂಮಿಯಿಲ್ಲದ ಕೂಲಿಗಳೇ ಹೆಚ್ಚು.

ಹೂಪರ್‌ನ ಕ್ಯಾಮೆರಾ

ಕೊರೆದಚ್ಚಿನ ಚಿತ್ರಗಳಿಗಿಂತ ಹೆಚ್ಚು ನೋಯಿಸುವಂಥವು ಫೋಟೋಗಳು. ಮದ್ರಾಸ್ ಅಶ್ವದಳದ ಅಧಿಕಾರಿ ವಿಲೋಬಿ ವ್ಯಾಲೇಸ್ ಹೂಪರ್ ಈ ಬರದ ಫೋಟೋಗಳನ್ನು ತೆಗೆದ. ಇವತ್ತು ಇಂಟರ್ನೆಟ್ಟಿನಲ್ಲಿ, ಪುಸ್ತಕಗಳಲ್ಲಿ ಈ ಬರದ್ದೆಂದು ಸಿಗುವ ಫೋಟೋಗಳಲ್ಲಿ ಹೆಚ್ಚಿನವು ಅವನವೇ. ಚರ್ಮದ ಕೆಳಗೆ ಪಕ್ಕೆಲುಬು ಎಣಿಸಬಹುದಾದ ಮನುಷ್ಯರು ಗುಂಪಾಗಿ ಕೂತಿದ್ದಾರೆ. ಸಾಲಾಗಿ, ಮುಂದೆ ಚಿಕ್ಕವರು, ಹಿಂದೆ ದೊಡ್ಡವರು, ನಮ್ಮ ಹತ್ತನೇ ತರಗತಿಯ ಗ್ರೂಪ್ ಫೋಟೋಗೆ ಕೂರಿಸಿದ ಹಾಗೆ. ಅವರನ್ನು ಹಾಗೆ ಜೋಡಿಸಿದ ಕೈ ಫೋಟೋದಲ್ಲಿ ಕಾಣುವುದಿಲ್ಲ. ಆ ಕಾಲದ ಕ್ಯಾಮೆರಾಕ್ಕೆ ಅಲುಗಾಡದೆ ಕೂರಬೇಕಿತ್ತು. ನಿಲ್ಲಲು ಶಕ್ತಿಯಿಲ್ಲದವರು ಅಲುಗಾಡದೆ ಕೂತರು.

ಇವರಿಗೆ ಅನ್ನ ಕೊಡದೆ ಫೋಟೋ ತೆಗೆದು ಕಳಿಸಿದನಲ್ಲ ಎಂದು ಹೂಪರ್‌ನನ್ನು ಆಗಲೇ ಪತ್ರಿಕೆಗಳು ಲೇವಡಿ ಮಾಡಿದವು. ಮುಂದೆ 1886ರಲ್ಲಿ ಬರ್ಮಾದ ಮಂಡಾಲೆಯಲ್ಲಿ ಕೈದಿಗಳನ್ನು ಗುಂಡಿಟ್ಟು ಕೊಲ್ಲುವ ಗಳಿಗೆಯನ್ನು ಫೋಟೋ ಹಿಡಿಯಲು ಹೋಗಿ ಅವನು ವಿಚಾರಣೆಗೆ ಗುರಿಯಾದ.

ಇಷ್ಟಾಗಿಯೂ ಚಿತ್ರಗಳಿಂದ ಉಪಯೋಗವೇ ಆಗಲಿಲ್ಲ ಎಂದರೆ ತಪ್ಪಾಗುತ್ತದೆ. 1877ರ ಆಗಸ್ಟ್‌ನಲ್ಲಿ ಲಂಡನ್ನಿನ ಮೇಯರ್ ತೆರೆದ ಪರಿಹಾರ ನಿಧಿಗೆ ಇಂಗ್ಲೆಂಡಿನ ಸಾಮಾನ್ಯ ಜನರೂ ಹಣ ಹಾಕಿದರು. ಮದ್ರಾಸಿನ ಪತ್ರಿಕಾ ಸಂಪಾದಕ ವಿಲಿಯಂ ಡಿಗ್ಬಿ ಆ ಕೆಲಸದಲ್ಲಿ ಮುಂದೆ ನಿಂತು, 1878ರಲ್ಲಿ ಇಡೀ ಬರದ ಕಥೆಯನ್ನು ಎರಡು ಸಂಪುಟಗಳಲ್ಲಿ ಬರೆದ. ಚಿತ್ರ ನೋಡಿ ಮರುಗಿದವರಿಂದ ಬಂದ ಹಣದಲ್ಲಿ ಎಷ್ಟೋ ರೈತರು ಬಿತ್ತನೆ ಬೀಜ ಕೊಂಡರು. ಆದರೆ ಫೋಟೋದಲ್ಲಿ ಕೂತವರ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಹೂಪರ್‌ನ ಹೆಸರು, ಟೆಂಪಲ್‌ನ ಹೆಸರು ನಮಗೆ ಗೊತ್ತು. ಮುಂದಿನ ಸಾಲಿನ ಆ ಮಗು ಯಾರ ಮನೆಯದು, ಬದುಕಿತೇ ಇಲ್ಲವೇ ಎಂಬುದು ಗೊತ್ತಿಲ್ಲ.

ಬರ ಬಿಟ್ಟುಹೋದದ್ದು

ಮೈಸೂರು ಸಂಸ್ಥಾನದ ಖಜಾನೆ ಬರಿದಾಯಿತು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಸಿಕ್ಕಾಗ ಅದರ ಜೊತೆ 80 ಲಕ್ಷ ರೂಪಾಯಿ ಸಾಲವೂ ಬಂತು. ಬೆಂಗಳೂರು–ಮೈಸೂರು ರೈಲು ಮಾರ್ಗ ಶುರುವಾದದ್ದು ಬರ ಪರಿಹಾರದ ಕಾಮಗಾರಿಯಾಗಿ. ಮದ್ರಾಸಿನ ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗವನ್ನು ಅಗೆದವರೂ ಬರದ ಕೂಲಿಗಳೇ. ವಾರಾಂತ್ಯದಲ್ಲಿ ಮೈಸೂರು ರೈಲು ಹತ್ತುವ ನನ್ನಂಥವರು ಒಮ್ಮೆಯಾದರೂ ಅದನ್ನು ನೆನೆಯಬೇಕು.

1880ರ ಕ್ಷಾಮ ಆಯೋಗದ ವರದಿಯ ಮೇಲೆ 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಬಂತು. ಬರ ಬಂದಾಗ ಜನರನ್ನು ಬದುಕಿಸುವುದು ಸರ್ಕಾರದ ಕರ್ತವ್ಯ ಎಂಬ ಮಾತು ಕಾಗದದ ಮೇಲೆ ಬಂದದ್ದು ಹೀಗೆ. ಸ್ವತಂತ್ರ ಭಾರತದಲ್ಲಿ 2005ರ ಉದ್ಯೋಗ ಖಾತರಿ ಕಾಯಿದೆಯು ಕೆಲಸವನ್ನು ಊರಿನಿಂದ 5 ಕಿ.ಮೀ. ಒಳಗೆ ಕೊಡಬೇಕು, ಆಚೆಯಾದರೆ ಶೇ. 10ರಷ್ಟು ಹೆಚ್ಚು ಕೂಲಿ ಕೊಡಬೇಕು ಎಂದಿತು. ಟೆಂಪಲ್‌ನ 16 ಕಿ.ಮೀ. ಮತ್ತು ಈ 5 ಕಿ.ಮೀ. ಎರಡೂ ನಿಯಮ ಪುಸ್ತಕದ ಒಂದೊಂದು ಸಾಲು. ಒಂದು ಸಾಲು ಬಡವನನ್ನು ದೂರ ಅಟ್ಟಿತು, ಇನ್ನೊಂದು ಅವನ ಮನೆಬಾಗಿಲಿಗೆ ಬಂತು. ನನ್ನ ಕಸುಬಿನಲ್ಲಿಯೂ ಹೀಗೆಯೇ. 'ಅರ್ಹ' 'ಅನರ್ಹ' ಎಂದು ತೀರ್ಮಾನಿಸುವ ಒಂದು ಸಾಲಿನ ಹಿಂದೆ ಯಾರೋ ಒಬ್ಬರು ಕೂತು ಆಲೋಚಿಸಿರುತ್ತಾರೆ. ಅವರು ಅನುಮಾನದಿಂದ ಆಲೋಚಿಸಿದರೋ ನಂಬಿಕೆಯಿಂದ ಆಲೋಚಿಸಿದರೋ ಎಂಬುದು ಸಾಲಿನ ತುದಿಯಲ್ಲಿ ನಿಂತವನಿಗೆ ಚೆನ್ನಾಗಿ ತಿಳಿಯುತ್ತದೆ.

ನಮ್ಮ ಊರು, ನಮ್ಮ ವೇದಿಕೆ

ನಮ್ಮ ಶಾಲೆ ಶುರುವಾಗುವ ಸ್ವಲ್ಪ ಮೊದಲು, 1972ರ ಬರದಲ್ಲಿ, ಗಂಜಿ ಕೇಂದ್ರಕ್ಕೆ ಹೋದ ನೆನಪನ್ನು ನನ್ನ ಅಜ್ಜಿ ಹೇಳುತ್ತಿದ್ದಳು. 'ಗಂಗಾಳ ಹಿಡ್ಕಂಡು ನಿಂತಾಗ ಹೊಟ್ಟೆಗಿಂತ ಮಾರಿ ಉರೀತಿತ್ತಪ್ಪ. ಸೆರಗು ಇಷ್ಟು ಮುಂದಕ್ಕೆ ಎಳ್ಕಂಡಿದ್ದೆ' ಎನ್ನುತ್ತಿದ್ದಳು. ಗಂಜಿ ಕೊಟ್ಟವರನ್ನು ಅವಳು ಕೊನೆಯವರೆಗೂ ನೆನೆಯುತ್ತಿದ್ದಳು. ಹಾಗೆ ನಿಂತದ್ದನ್ನು ಯಾರಾದರೂ ಫೋಟೋ ತೆಗೆದಿದ್ದರೆ ನೆನೆಯುತ್ತಿದ್ದಳೋ ಇಲ್ಲವೋ.

ಈಗ ಊರೂರುಗಳಲ್ಲಿ ನಡೆಯುವ ನೋಟ್‌ಬುಕ್, ಬ್ಯಾಗು, ಸ್ವೆಟರ್ ವಿತರಣೆಯ ಕಾರ್ಯಕ್ರಮಗಳನ್ನು ನೋಡಿ. ಒಂದು ಬ್ಯಾಗನ್ನು ಐದು ಜನ ದೊಡ್ಡವರು ಹಿಡಿದಿರುತ್ತಾರೆ, ಮಧ್ಯದಲ್ಲಿ ಒಂದು ಮಗು ಕ್ಯಾಮೆರಾ ನೋಡಲೋ ನೆಲ ನೋಡಲೋ ತಿಳಿಯದೆ ನಿಂತಿರುತ್ತದೆ. ಸಂಜೆಗೆ ಆ ಫೋಟೋ ಎಲ್ಲರ ಮೊಬೈಲಿನಲ್ಲಿ. ಮರುದಿನ ತರಗತಿಯಲ್ಲಿ ಆ ಮಗು ಯಾರೆಂದು ಎಲ್ಲರಿಗೂ ಗೊತ್ತು. ಕೊಡುವವರ ಮನಸ್ಸು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಫೋಟೋ ನೋಡಿ ಇನ್ನೂ ನಾಲ್ವರು ಕೊಡಲಿ ಎಂಬ ವಾದದಲ್ಲೂ ಹುರುಳಿದೆ. 1877ರಲ್ಲೂ ಹಾಗೇ ಆಯಿತಲ್ಲ. ಆದರೆ ಆ ಮಗುವಿಗೆ ಹದಿಮೂರು, ಹದಿನಾಲ್ಕು ವಯಸ್ಸು. ಮರೆಯಲು ಎಳೆದುಕೊಳ್ಳಲು ಅದಕ್ಕೆ ಸೆರಗೂ ಇಲ್ಲ.

ಈ ಮಹೋತ್ಸವದ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘ ಬಡ ವಿದ್ಯಾರ್ಥಿಗಳಿಗಾಗಿ ನಿಧಿ ಕೂಡಿಸುತ್ತಿದೆ. ನಾನೂ ನನ್ನ ಪಾಲು ಕೊಡುತ್ತೇನೆ. ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ಯಾರಿಗೆ ಬೇಕೆಂಬುದು ತರಗತಿಯ ಶಿಕ್ಷಕರಿಗೆ ಗೊತ್ತಿರುತ್ತದೆ, ಅವರ ಮಾತನ್ನು ನಂಬೋಣ. ಹಣವನ್ನು ಮುಖ್ಯೋಪಾಧ್ಯಾಯರ ಮೂಲಕ ಸದ್ದಿಲ್ಲದೆ ತಲುಪಿಸೋಣ. ಲೆಕ್ಕಪತ್ರವನ್ನು ಪೈಸೆ ಪೈಸೆಯಾಗಿ ಸಭೆಯಲ್ಲಿ ಓದೋಣ, ಪಡೆದವರ ಹೆಸರನ್ನು ಮಾತ್ರ ಓದುವುದು ಬೇಡ. ವೇದಿಕೆಗೆ ಮಕ್ಕಳನ್ನು ಕರೆಯುವುದಾದರೆ ಓಟದಲ್ಲಿ ಗೆದ್ದದ್ದಕ್ಕೆ, ಹಾಡಿದ್ದಕ್ಕೆ, ಗಣಿತದಲ್ಲಿ ನೂರಕ್ಕೆ ನೂರು ತೆಗೆದದ್ದಕ್ಕೆ ಕರೆಯೋಣ. ಆ ಫೋಟೋದ ಕೆಳಗೆ ಮಗುವಿನ ಹೆಸರನ್ನು ತಪ್ಪಿಲ್ಲದೆ ಬರೆಯೋಣ.

ಐವತ್ತು ವರ್ಷಗಳಿಂದ ಈ ಶಾಲೆ ಯಾರ ಮಗು ಬಂದರೂ ಒಂದೇ ಬೆಂಚಿನ ಮೇಲೆ ಕೂರಿಸಿದೆ.