‘ಉಜ್ಜು’ ಎಂಬ ಮಾತಿನ ಚರಿತ್ರೆ

ಹಿರಿಯೂರು ಬಳಿಯ ನಮ್ಮ ಆದಿವಾಲ ಬೆಂಗಳೂರು–ಪುಣೆ ಹೆದ್ದಾರಿಯ ಊರು. ಇಲ್ಲಿ ಕಾರಿಗೂ ದೂಳಿಗೂ ಬಿಡದ ನಂಟು. ಆಯುಧಪೂಜೆ ಬಂತೆಂದರೆ ಹಿರಿಯರು ‘ಚೆನ್ನಾಗಿ ಉಜ್ಜು’ ಎನ್ನುತ್ತಾರೆ. ಆ ಮಾತಿಗೊಂದು ಚರಿತ್ರೆಯಿದೆ.

ಮೊದಮೊದಲ ಕಾರುಗಳಿಗೆ ಸಾರೋಟಿನ ಹಾಗೆ ಕುಂಚದಿಂದ ಬಣ್ಣ ಬಳಿಯುತ್ತಿದ್ದರು; ಒಣಗಲು ವಾರಗಳು ಹಿಡಿಯುತ್ತಿದ್ದವು. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ತಂದ ‘ಡ್ಯೂಕೊ’ ಗಂಟೆಗಳಲ್ಲಿ ಒಣಗಿತು. ಅದನ್ನು ಲ್ಯಾಕರ್ ಎಂದರು. ಆ ಹೆಸರಿನ ಬೇರು ಸಂಸ್ಕೃತದ ಲಾಕ್ಷಾ, ಚನ್ನಪಟ್ಟಣದ ಗೊಂಬೆಗಳಿಗೆ ಹಚ್ಚುವ ಅರಗು. ಆದರೆ ಡ್ಯೂಕೊದಲ್ಲಿದ್ದುದು ಅರಗಲ್ಲ, ರಾಸಾಯನಿಕವಾಗಿ ಮಾರ್ಪಡಿಸಿದ ಸೆಲ್ಯುಲೋಸ್. ಬಿಸಿಲಿಗೆ ಅದರ ಮೇಲ್ಪದರ ಮಂಕಾಗುತ್ತಿತ್ತು. ಉಜ್ಜಿ ತೆಗೆದರೆ ಅಡಿಯ ಹೊಳಪು ಕಾಣುತ್ತಿತ್ತು. ಬಟ್ಟೆಗೆ ಕಾರಿನ ಬಣ್ಣವೇ ಅಂಟುತ್ತಿತ್ತು.

1980ರ ದಶಕದಿಂದೀಚೆಗೆ ಬಣ್ಣದ ಮೇಲೆ ಪಾರದರ್ಶಕ ಪದರವೊಂದು ಸಾಮಾನ್ಯವಾಯಿತು. ಅದು ಕೂದಲಿಗಿಂತ ತೆಳು, ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ. ಒಣ ಬಟ್ಟೆಯಲ್ಲಿ ಒರೆಸಿದರೆ ದೂಳಿನ ಮರಳು ಅದನ್ನು ಗೀರುತ್ತದೆ. ಪಾಲಿಷ್ ಗೀರನ್ನು ಮುಚ್ಚುವುದಿಲ್ಲ, ಸುತ್ತಲ ಪದರವನ್ನೇ ಸವೆಸುತ್ತದೆ.

ಹಾಗಾಗಿ ನೆರಳಲ್ಲಿ ನಿಲ್ಲಿಸಿ, ಮೊದಲು ನೀರು ಸುರಿದು ದೂಳು ಇಳಿಸಿ. ಮೃದು ಬಟ್ಟೆಯಲ್ಲಿ ಮೇಲಿನಿಂದ ಕೆಳಗೆ ಹಗುರವಾಗಿ ತೊಳೆದು, ಒರೆಸಿ, ಮೇಣ ಹಚ್ಚಿ. ಪಾಲಿಷ್ ಅಪರೂಪಕ್ಕಿರಲಿ. ಹಿರಿಯರ ಮಾತು ಅವರ ಕಾಲದ ಬಣ್ಣಕ್ಕೆ ಸರಿಯಾಗಿತ್ತು. ಈಗ ಬದಲಾಗಿರುವುದು ಬಣ್ಣ.