ಐವತ್ತು ಡಾಲರಿನ ಪಂಥ

1903ರ ಜುಲೈ. ಸ್ಯಾನ್ ಫ್ರಾನ್ಸಿಸ್ಕೋದಿಂದ ಕಾರಲ್ಲಿ ಹೊರಟಿದ್ದ ಡಾಕ್ಟರ್ ಹೊರೇಷಿಯೋ ಜಾಕ್ಸನ್, ಮೆಕ್ಯಾನಿಕ್ ಸೆವಾಲ್ ಕ್ರಾಕರ್, ದಾರೀಲಿ ಜೊತೆಯಾದ ನಾಯಿ ಬಡ್ ಚಿಕಾಗೋ ದಾಟಿದ್ದರು. ಕೆಟ್ಟ ರಸ್ತೆಗಳೆಲ್ಲ ಹಿಂದೆ ಉಳಿದಿದ್ದವು. ಇನ್ನೇನು ಮುಗೀತು ಅನ್ನುವಾಗಲೇ ಬಫಲೋ ಊರಿನಾಚೆ ಕಾರು ಏನಕ್ಕೋ ಬಡಿದು ಮೂವರೂ ಹೊರಗೆ ಬಿದ್ದರು! ಎದ್ದು ಮತ್ತೆ ಹೊರಟರು. ಜುಲೈ 26ರ ನಸುಕಿಗೆ ನ್ಯೂಯಾರ್ಕ್ ತಲುಪಿದರು. 63 ದಿನ; ಕಾರಲ್ಲಿ ಅಮೆರಿಕ ದಾಟಿದ ಮೊದಲಿಗರು.

50 ಡಾಲರಿನ ಪಂಥಕ್ಕೆ ಜಾಕ್ಸನ್ ಸುರಿದದ್ದು ಸುಮಾರು 8,000 ಡಾಲರ್. ಪಂಥದ ದುಡ್ಡು ಮಾತ್ರ ವಸೂಲಿ ಮಾಡಲೇ ಇಲ್ಲ. ಆ ಕಾರು ಈಗ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ದಾರಿಯುದ್ದಕ್ಕೂ ಅದನ್ನು ರಿಪೇರಿ ಮಾಡಿದ ಕ್ರಾಕರ್ 1913ರಲ್ಲೇ, ಮೂವತ್ತರ ಆಸುಪಾಸಿನಲ್ಲಿ ತೀರಿಕೊಂಡ. ಹೆಸರು ಬಂದಿದ್ದು ಡಾಕ್ಟರಿಗೆ. ನನ್ನ ಕೇಳಿದ್ರೆ, ಪಂಥ ಗೆಲ್ಲಿಸಿದ್ದು ಗ್ರೀಸ್ ಮೆತ್ತಿದ ಆ ಕೈಗಳೇ.