ಮೊಲದ ಸೀರಂನಿಂದ ಕೋಶಕೇಂದ್ರದ ಪೊರೆಯವರೆಗೆ

ಜೀವವಿಜ್ಞಾನದ ಪ್ರಯೋಗಾಲಯದಲ್ಲಿ ಎಲ್ಲರೂ ನಂಬುವ, ಆದರೆ ಕೆಲವರಷ್ಟೇ ಒರೆಗೆ ಹಚ್ಚುವ ವಸ್ತುವೆಂದರೆ ಪ್ರತಿಕಾಯ, ಅಂದರೆ ಗುರಿಯ ಪ್ರೋಟೀನನ್ನು ಗುರುತಿಸಿ ಹಿಡಿಯುವ ಅಣು. ಫ್ರೀಜರಿನಲ್ಲಿ ಬೆರಳುದ್ದದ ಟ್ಯೂಬು, ಅದರ ತಳದಲ್ಲಿ ಕೆಲವೇ ಹನಿ ತಿಳಿದ್ರವ, ಮೇಲೆ ಒಂದು ಚೀಟಿ: ಎಮರಿನ್ ವಿರುದ್ಧ, ಮೊಲ, ಪಾಲಿಕ್ಲೋನಲ್. ಚೀಟಿಯಲ್ಲಿ ಬರೆದದ್ದೇ ಟ್ಯೂಬಿನೊಳಗೆ ಇದೆಯೇ ಎಂದು ಕೇಳುವುದನ್ನು ಕಲಿಯಲು ವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಈ ಕಥೆಯಲ್ಲಿ ಮೊಲ ಮೊದಲ ದಿನದಿಂದಲೂ ಇದೆ. 1890ರಲ್ಲಿ ಬರ್ಲಿನ್‌ನಲ್ಲಿ ಬೆಹ್ರಿಂಗ್ ಮತ್ತು ಕಿತಸಾಟೊ ಧನುರ್ವಾಯುವಿನ ವಿಷಕ್ಕೆ ಒಗ್ಗಿಸಿದ ಮೊಲಗಳ ಸೀರಂ ತೆಗೆದು ಇಲಿಗಳಿಗೆ ಚುಚ್ಚಿದರು, ಇಲಿಗಳು ಬದುಕಿದವು. ಆ ಸೀರಂನಲ್ಲಿದ್ದ ಪ್ರತಿಕಾಯ ಮದ್ದಾಗಿತ್ತು. ಅದನ್ನು ಬಣ್ಣವಾಗಿಸಿದವನು ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್. 1940ರ ದಶಕದ ಆರಂಭದಲ್ಲಿ ಆತ ನ್ಯುಮೋನಿಯಾ ರೋಗಾಣುವಿನ ವಿರುದ್ಧದ ಪ್ರತಿಕಾಯಕ್ಕೆ ಹೊಳೆಯುವ ರಾಸಾಯನಿಕವೊಂದನ್ನು ಬೆಸೆದು, ಅಂಗಾಂಶದಲ್ಲಿ ರೋಗಾಣು ಎಲ್ಲಿ ಅಡಗಿದೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡ. ಪ್ರೋಟೀನು 'ಇದೆಯೋ ಇಲ್ಲವೋ' ಎಂಬ ಪ್ರಶ್ನೆ ಅಲ್ಲಿಂದ ಮುಂದೆ 'ಎಲ್ಲಿದೆ' ಎಂಬುದಾಯಿತು.

ಕರ್ನಾಟಕದಲ್ಲಿ ಈ ವಿದ್ಯೆಯನ್ನು ಬೆಳೆಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗ. ನುಗ್ಗೇಹಳ್ಳಿ ರಘುವೀರ್ ಮೌದ್ಗಲ್ 1960ರ ದಶಕದ ಆರಂಭದಲ್ಲಿ ಬರ್ಕ್ಲಿಯಲ್ಲಿ ಚೋ ಹಾವ್ ಲೀ ಜೊತೆ ಕುರಿಯ ಪಿಟ್ಯುಟರಿ ಹಾರ್ಮೋನುಗಳ ವಿರುದ್ಧ ಪ್ರತಿಕಾಯ ಎಬ್ಬಿಸುವ ಕೆಲಸ ಮಾಡಿದವರು. ಬೆಂಗಳೂರಿಗೆ ಬಂದ ಮೇಲೆ ಅದನ್ನೇ ತಮ್ಮ ಮುಖ್ಯ ಆಯುಧ ಮಾಡಿಕೊಂಡರು. ಒಂದು ಹಾರ್ಮೋನು ದೇಹದಲ್ಲಿ ಏನು ಮಾಡುತ್ತದೆ ಎಂದು ತಿಳಿಯಲು ಗ್ರಂಥಿಯನ್ನೇ ಕತ್ತರಿಸಿ ತೆಗೆದರೆ ಅದರೊಂದಿಗೆ ಬೇರೆ ಹಾರ್ಮೋನುಗಳೂ ಹೋಗುತ್ತವೆ. ಅದರ ಬದಲು ಆ ಒಂದೇ ಹಾರ್ಮೋನಿನ ವಿರುದ್ಧದ ಸೀರಂ ಕೊಟ್ಟು ಅದೊಂದನ್ನೇ ಕಟ್ಟಿಹಾಕುವುದು ಅವರ ವಿಧಾನ. ನಮ್ಮ ಊರುಗಳಲ್ಲಿ ಓಡಾಡುವ ಬಾನೆಟ್ ಮಂಗಗಳಲ್ಲೇ ಈ ಪ್ರಯೋಗಗಳು ನಡೆದವು. 1976ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಅದೇ ವಿಭಾಗದ ಪೆರ್ಡೂರು ರಾಧಾಕಾಂತ ಅಡಿಗರು ಕೋಳಿಮೊಟ್ಟೆಯಲ್ಲಿರುವ, ರೈಬೋಫ್ಲೇವಿನ್ ಹೊತ್ತೊಯ್ಯುವ ಪ್ರೋಟೀನಿನ ವಿರುದ್ಧ ಪ್ರತಿಕಾಯ ಪಡೆದರು. ಕೋಳಿಯ ಪ್ರೋಟೀನಿಗೆಂದು ಹುಟ್ಟಿದ ಆ ಪ್ರತಿಕಾಯ ಬಸುರಿ ಇಲಿಯ ಪ್ರೋಟೀನನ್ನೂ ಹಿಡಿಯಿತು, ಗರ್ಭ ನಿಲ್ಲಲಿಲ್ಲ. ತನಗೆ ತೋರಿಸಿದ್ದನ್ನು ಮಾತ್ರವಲ್ಲ, ಅದನ್ನು ಹೋಲುವುದನ್ನೂ ಪ್ರತಿಕಾಯ ಹಿಡಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಡ. ಅಡಿಗರಿಗೆ ಈ ಗುಣ ವರವಾಯಿತು. ಮುಂದಿನ ತಲೆಮಾರಿನ ಕೋಶವಿಜ್ಞಾನಿಗಳಿಗೆ ಅದೇ ತಲೆನೋವು.

ಕೋಶಕೇಂದ್ರದ ಪೊರೆಯತ್ತ ಗಮನ ಹರಿದದ್ದು ತಡವಾಗಿ. 1970ರ ದಶಕದ ಕೊನೆಗೆ ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಜೆರೇಸ್ ಮತ್ತು ಗುಂಟರ್ ಬ್ಲೋಬೆಲ್ ಪೊರೆಯ ಒಳಮೈಗೆ ಅಂಟಿಕೊಂಡಿರುವ ಲ್ಯಾಮಿನ್ ಪ್ರೋಟೀನುಗಳನ್ನು ಪ್ರತಿಕಾಯಗಳಿಂದ ಗುರುತಿಸಿದರು. ಸೂಕ್ಷ್ಮದರ್ಶಕದಲ್ಲಿ ಕೋಶಕೇಂದ್ರದ ಸುತ್ತ ತೆಳುವಾದ ಉಂಗುರ ಕಂಡಿತು. ಸರಿಸುಮಾರು ಅದೇ ಹೊತ್ತಿಗೆ, 1979ರಲ್ಲಿ, ಜೆಲ್‌ನಲ್ಲಿ ತೂಕದ ಪ್ರಕಾರ ಬೇರೆಯಾದ ಪ್ರೋಟೀನುಗಳನ್ನು ಹಾಳೆಗೆ ವರ್ಗಾಯಿಸಿ ಪ್ರತಿಕಾಯದಿಂದ ಹುಡುಕುವ ಬ್ಲಾಟ್ ವಿಧಾನ ಬಂತು. ಅದಕ್ಕೂ ಮೊದಲೇ, 1975ರಲ್ಲಿ, ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಜಾತಿಯ ಪ್ರತಿಕಾಯವನ್ನು ಕೊನೆಯಿಲ್ಲದಂತೆ ತಯಾರಿಸುವ ಮಾನೊಕ್ಲೋನಲ್ ತಂತ್ರ ಕೊಟ್ಟಿದ್ದರು. ಇನ್ನು ಮೊಲದ ಕಾಲ ಮುಗಿಯಿತು ಎಂದುಕೊಂಡವರಿದ್ದರು. ಮುಗಿಯಲಿಲ್ಲ. ಮೊಲದ ಸೀರಂ ಅಗ್ಗ, ಬೇಗ ಸಿಗುತ್ತದೆ. ಅದರಲ್ಲಿ ಒಂದೇ ಪ್ರೋಟೀನಿನ ಬೇರೆಬೇರೆ ಭಾಗಗಳನ್ನು ಹಿಡಿಯುವ ಹಲವು ಪ್ರತಿಕಾಯಗಳು ಇರುವುದರಿಂದ ಸಂಕೇತವೂ ಬಲವಾಗಿರುತ್ತದೆ.

ಲ್ಯಾಮಿನ್‌ಗಳ ಬಗ್ಗೆ ಭಾರತದಲ್ಲಿ ಗಟ್ಟಿ ಕೆಲಸ ಮಾಡಿದ್ದು ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವೀಣಾ ಪಾರ್ನಾಯಕ್ ಅವರ ತಂಡ. ಅವರ 1999ರ ಒಂದು ಲೇಖನ ನನಗೆ ಈ ಕ್ಷೇತ್ರದ ಅತಿ ಬೋಧಪ್ರದ ಲೇಖನಗಳಲ್ಲೊಂದು. ಲ್ಯಾಮಿನ್ ಎ ವಿರುದ್ಧ ಅವರು ಪಡೆದ ಒಂದು ಮಾನೊಕ್ಲೋನಲ್ ಪ್ರತಿಕಾಯ ಎಲ್ಲರೂ ನಿರೀಕ್ಷಿಸಿದ ಉಂಗುರವನ್ನು ತೋರಿಸಲೇ ಇಲ್ಲ. ಬದಲಿಗೆ ಕೋಶಕೇಂದ್ರದ ಒಳಗೆ, ಆರ್‌ಎನ್‌ಎ ಕತ್ತರಿಸಿ ಜೋಡಿಸುವ ಪ್ರೋಟೀನುಗಳು ಗುಂಪುಗೂಡುವ ಚುಕ್ಕೆಗಳನ್ನು ತೋರಿಸಿತು. ಪ್ರೋಟೀನು ಅದೇ, ಪ್ರತಿಕಾಯ ಬೇರೆ, ವಿಳಾಸವೂ ಬೇರೆ. ಪ್ರತಿಕಾಯ ಕೆಟ್ಟಿದೆ ಎಂದು ಎಸೆಯದೆ ಆ ಜಾಡು ಹಿಡಿದು ಹೋದದ್ದು ಅವರ ಹೆಚ್ಚುಗಾರಿಕೆ.

ಎಮರಿನ್ ಬಂದದ್ದು ರೋಗದ ದಾರಿಯಿಂದ. 1966ರಲ್ಲಿ ಅಲನ್ ಎಮರಿ ಮತ್ತು ಫ್ರಿಟ್ಜ್ ಡ್ರೈಫಸ್ ಅಮೆರಿಕದ ವರ್ಜೀನಿಯಾದ ಒಂದು ಕುಟುಂಬದಲ್ಲಿ ವಿಚಿತ್ರ ಸ್ನಾಯುಕ್ಷಯವೊಂದನ್ನು ವರ್ಣಿಸಿದ್ದರು. ಮೊಣಕೈ ಪೂರ್ತಿ ಚಾಚಲಾಗದು, ಹಿಮ್ಮಡಿ ನೆಲಕ್ಕೆ ಊರದು, ದೊಡ್ಡವರಾಗುತ್ತ ಹೃದಯದ ವಿದ್ಯುತ್ ಸಂಕೇತಕ್ಕೆ ಅಡ್ಡಿಯಾಗುತ್ತದೆ. 1994ರಲ್ಲಿ ಇಟಲಿಯ ತಂಡ ಎಕ್ಸ್ ವರ್ಣತಂತುವಿನ ತುದಿಯಲ್ಲಿ ಇದರ ಜೀನ್ ಕಂಡುಹಿಡಿದು, ಎಮರಿಯ ಗೌರವಾರ್ಥ ಆ ಪ್ರೋಟೀನಿಗೆ ಎಮರಿನ್ ಎಂದು ಹೆಸರಿಟ್ಟಿತು. ಕೇವಲ 254 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನು. ಅದು ಕೋಶದಲ್ಲಿ ಎಲ್ಲಿರುತ್ತದೆ ಎಂಬುದು ಜೀನಿನ ಅಕ್ಷರ ಓದಿದರೆ ಖಚಿತವಾಗದು. 1996ರಲ್ಲಿ ಪ್ರತಿಕಾಯಗಳೇ ಉತ್ತರ ಕೊಟ್ಟವು: ಕೋಶಕೇಂದ್ರದ ಪೊರೆಯಲ್ಲಿ. ಸಹಜ ಸ್ನಾಯುವಿನಲ್ಲಿ ಉಂಗುರ ಹೊಳೆಯಿತು, ರೋಗಿಯ ಸ್ನಾಯುವಿನಲ್ಲಿ ಕತ್ತಲು.

ಅಲ್ಲಿಂದ ಎಮರಿನ್ ಪ್ರತಿಕಾಯ ರೋಗನಿರ್ಣಯದ ಸಲಕರಣೆಯಾಯಿತು. ಸ್ನಾಯುವಿನ ಚೂರು ಬೇಕೆಂದೇನೂ ಇಲ್ಲ. ಕೆನ್ನೆಯ ಒಳಗೋಡೆಯಿಂದ ಕೆರೆದ ಕೋಶಗಳಲ್ಲೂ ಎಮರಿನ್ ನೋಡಬಹುದು. ಕಾಯಿಲೆಯ ಜೀನನ್ನು ಹೊತ್ತ ತಾಯಿಯ ಕೋಶಗಳಲ್ಲಿ ಕೆಲವು ಕೇಂದ್ರಗಳು ಹೊಳೆಯುತ್ತವೆ, ಪಕ್ಕದವು ಹೊಳೆಯುವುದಿಲ್ಲ, ಏಕೆಂದರೆ ಪ್ರತಿ ಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮುಚ್ಚಿರುತ್ತದೆ. ಬೈರಕೂರಿನಂಥ ಗಡಿ ಹೋಬಳಿಯಿಂದ ಮುಳಬಾಗಿಲು, ಕೋಲಾರ ದಾಟಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ತಲುಪುವ ಕುಟುಂಬಕ್ಕೆ ಕೆನ್ನೆಯ ಕೋಶ ಸಾಕೆಂಬುದು ಸಣ್ಣ ಅನುಕೂಲವಲ್ಲ.

ಇನ್ನು ಮೊಲದ ಎಮರಿನ್ ಪ್ರತಿಕಾಯ ತಯಾರಾಗುವ ಬಗೆ. ಪ್ರೋಟೀನಿನ ಬಾಲ ಪೊರೆಯೊಳಗೆ ಹುದುಗಿರುವುದರಿಂದ ಅದನ್ನು ಬಿಟ್ಟು, ಕೇಂದ್ರದೊಳಕ್ಕೆ ಚಾಚಿರುವ ಭಾಗವನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸುತ್ತಾರೆ. ಎಣ್ಣೆಯಲ್ಲಿ ಕಲಸಿ ಮೊಲಕ್ಕೆ ಚುಚ್ಚುತ್ತಾರೆ, ವಾರಗಳ ಅಂತರದಲ್ಲಿ ಮತ್ತೆ ಚುಚ್ಚುತ್ತಾರೆ, ಕಿವಿಯಂಚಿನ ರಕ್ತನಾಳದಿಂದ ರಕ್ತ ತೆಗೆಯುತ್ತಾರೆ. ಮೊದಲ ಚುಚ್ಚಿಗೂ ಮುಂಚೆ ತೆಗೆದ ರಕ್ತದ ಸೀರಂ ಇಟ್ಟುಕೊಳ್ಳುವುದು ಕಡ್ಡಾಯ, ಹೋಲಿಕೆಗೆ ಅದೇ ಆಧಾರ. ತೊಡಕು ಏನೆಂದರೆ ಮೊಲಕ್ಕೂ ಎಮರಿನ್ ಇದೆ. ಮನುಷ್ಯ, ಮೊಲ ಇಬ್ಬರ ಎಮರಿನ್‌ನಲ್ಲೂ ಒಂದೇ ಥರ ಇರುವ ಭಾಗಕ್ಕೆ ಅದರ ದೇಹ ಅಷ್ಟಾಗಿ ಪ್ರತಿಕ್ರಿಯಿಸದು. ನೋಡುವಾಗಲೂ ಎಚ್ಚರ ಬೇಕು. ಡಿಜಿಟೋನಿನ್ ಎಂಬ ಮಾರ್ಜಕ ಕೋಶದ ಹೊರಪೊರೆಯನ್ನಷ್ಟೇ ತೂತು ಮಾಡುತ್ತದೆ, ಪ್ರತಿಕಾಯ ಕೇಂದ್ರದ ಒಳಪೊರೆಗೆ ತಲುಪುವುದೇ ಇಲ್ಲ. ಟ್ರೈಟಾನ್ ಎಂಬ ಇನ್ನೊಂದು ಮಾರ್ಜಕ ಎರಡನ್ನೂ ತೆರೆಯುತ್ತದೆ. ಇದನ್ನು ಮರೆತ ವಿದ್ಯಾರ್ಥಿ 'ಪ್ರೈಮರಿ (ಪ್ರೋಟೀನನ್ನು ನೇರ ಹಿಡಿಯುವ ಮೊದಲ ಪ್ರತಿಕಾಯ) ಕೆಲಸ ಮಾಡ್ತಾ ಇಲ್ಲ' ಎಂದು ದೂರುತ್ತಾನೆ.

ಹೀಗೆ ಹಲವು ಪ್ರತಿಕಾಯಗಳ ಮಿಶ್ರಣವಾದ ಪಾಲಿಕ್ಲೋನಲ್‌ಗಳ ನಿಜವಾದ ದೋಷ ಬೇರೆಯದು. ಮೊಲ ಸತ್ತರೆ ಆ ಸೀರಂ ಮತ್ತೆ ಸಿಗದು. ಮುಂದಿನ ಮೊಲದ್ದು ಬೇರೆಯೇ ಮಿಶ್ರಣ. 2003ರಲ್ಲಿ ಶುರುವಾದ ಸ್ವೀಡನ್ನಿನ ಹ್ಯೂಮನ್ ಪ್ರೋಟೀನ್ ಅಟ್ಲಾಸ್ ಮೊಲದ ಪ್ರತಿಕಾಯಗಳನ್ನು ಶುದ್ಧೀಕರಿಸಿ ಸಾವಿರಾರು ಪ್ರೋಟೀನುಗಳ ನಕ್ಷೆ ಬರೆಯಿತು. ಆ ನಕ್ಷೆಯ ಅಂಗಾಂಶ ಚಿತ್ರಗಳನ್ನು ಓದಿದವರಲ್ಲಿ ಮುಂಬೈನ ರೋಗಶಾಸ್ತ್ರಜ್ಞರೂ ಇದ್ದರು. ಆದರೆ 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಪ್ರತಿಕಾಯಗಳನ್ನು ಅವುಗಳ ಜೀನ್ ಕ್ರಮದಿಂದಲೇ ತಯಾರಿಸಿ ಎಂದು ಬಹಿರಂಗ ಕರೆ ಕೊಡಬೇಕಾಯಿತು. 2023ರಲ್ಲಿ 65 ಪ್ರೋಟೀನುಗಳಿಗೆ ಮಾರುಕಟ್ಟೆಯಲ್ಲಿರುವ 614 ಪ್ರತಿಕಾಯಗಳನ್ನು ಒಂದೇ ರೀತಿಯಲ್ಲಿ ಪರೀಕ್ಷಿಸಿದಾಗ, ಆಯಾ ಜೀನ್ ಅಳಿಸಿದ ಕೋಶಗಳನ್ನು ಜೊತೆಗಿಟ್ಟು ನೋಡಿದರೆ, ಹೀಗೆ ಜೀನ್ ಕ್ರಮದಿಂದ ತಯಾರಿಸಿದ ರೀಕಾಂಬಿನೆಂಟ್ ಪ್ರತಿಕಾಯಗಳೇ ಮುಂದಿದ್ದವು. ಭಾರತದಲ್ಲಿ 1998ರ ನಿಯಮಗಳ ನಂತರ ಮೊಲಕ್ಕೆ ಚುಚ್ಚುವ ಮುನ್ನ ನೈತಿಕ ಸಮಿತಿಯ ಅನುಮತಿ ಬೇಕು. ಆ ದಿಕ್ಕಿನಿಂದಲೂ ಮೊಲದ ಪಾತ್ರ ಕುಗ್ಗುತ್ತಿದೆ. ಕುಗ್ಗುವುದು ಒಳ್ಳೆಯದೇ.

ಹಾಗೆಂದು ಈಗಿರುವ ಟ್ಯೂಬುಗಳನ್ನು ಚೆಲ್ಲಬೇಕಿಲ್ಲ. ಎಮರಿನ್ ವಿಷಯದಲ್ಲಿ ನಿಸರ್ಗವೇ ಪರೀಕ್ಷಾ ಮಾದರಿ ಒದಗಿಸಿದೆ: ಎಮರಿನ್ ಪೂರ್ತಿ ಇಲ್ಲದ ರೋಗಿಯ ಕೋಶದಲ್ಲಿ ಉಂಗುರ ಕಂಡರೆ ಆ ಪ್ರತಿಕಾಯ ಸುಳ್ಳು ಹೇಳುತ್ತಿದೆ. ಚೀಟಿಯ ಮೇಲೆ 'ಸಂಶೋಧನೆಗೆ ಮಾತ್ರ' ಎಂದಿರುವುದನ್ನು ವೈದ್ಯರೂ ಓದಬೇಕು. 1999ರಲ್ಲಿ ತಿಳಿದಂತೆ ಇದೇ ಕಾಯಿಲೆ ಲ್ಯಾಮಿನ್ ಎ ಜೀನಿನ ದೋಷದಿಂದಲೂ ಬರುತ್ತದೆ, ಆಗ ಎಮರಿನ್ ಉಂಗುರ ಸಹಜವಾಗಿಯೇ ಕಾಣುತ್ತದೆ. ಆದ್ದರಿಂದ ಉಂಗುರ ಕಂಡಿತೆಂದು ಮಗುವಿನ ಇಸಿಜಿಯನ್ನಾಗಲಿ ಜೀನ್ ಪರೀಕ್ಷೆಯನ್ನಾಗಲಿ ಬಿಡಬೇಡಿ. ಎಮರಿನ್ ದೋಷ ಖಚಿತವಾದ ಮನೆಯಲ್ಲಿ ತಾಯಿಯ ಹೃದಯವನ್ನೂ ಪರೀಕ್ಷಿಸಿ.